ಗೋಡೆಯ ತೇವ, ಎರಡು ಸೋರಿಕೆ: ನಮ್ಮ ಮನೆಯ ಒಂದು ರಿಪೇರಿ ಪ್ರಕರಣ

ಮಲಗುವ ಕೋಣೆಯ ಗೋಡೆಯಲ್ಲಿ, ನೆಲದಿಂದ ಎರಡು ಗೇಣು ಮೇಲೆ, ಬಣ್ಣ ಗುಳ್ಳೆ ಎದ್ದಿತ್ತು. ಬೆರಳಲ್ಲಿ ಒತ್ತಿದರೆ ಪದರ ಪದರವಾಗಿ ಉದುರುತ್ತಿತ್ತು. ಅದರ ಹಿಂದೆ ಬಿಳಿ ಹುಡಿ, ಉಪ್ಪಿನ ಹಾಗೆ. ಅದು ಉಪ್ಪೇ. ಗಾರೆಯಲ್ಲೂ ಇಟ್ಟಿಗೆಯಲ್ಲೂ ಇರುವ ಲವಣ ನೀರಿನಲ್ಲಿ ಕರಗಿ ಗೋಡೆಯ ಮೈಮೇಲೆ ಬರುತ್ತದೆ, ನೀರು ಆರಿಹೋಗುತ್ತದೆ, ಲವಣ ಅಲ್ಲೇ ಉಳಿಯುತ್ತದೆ. ಹಾಗಾಗಿ ಬಿಳಿ ಹುಡಿ ಕಂಡರೆ ಆ ಗೋಡೆಯೊಳಗೆ ನೀರು ಓಡಾಡಿದೆ ಅಂತಲೇ ಅರ್ಥ. ಎಲ್ಲಿಂದ ಬಂತು ಅಂತ ಮಾತ್ರ ಅದು ಹೇಳುವುದಿಲ್ಲ.

ಗೋಡೆಯ ಆ ಕಡೆ ಬಚ್ಚಲುಮನೆ. ಷವರ್ ಇರುವುದು ಅದೇ ಗೋಡೆಗೆ. ಕಮೋಡ್ ಇರುವುದು ಎದುರು ಗೋಡೆಗೆ. ಈ ಎರಡು ವಾಕ್ಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ನಾನು ಅದನ್ನು ನೆನಪಿಟ್ಟುಕೊಳ್ಳದೇ ಇದ್ದದ್ದೇ ಈ ಪ್ರಕರಣದ ದೊಡ್ಡ ತಪ್ಪು.

ನಾನು ಲೆಕ್ಕಪರಿಶೋಧಕ. ಹೆಂಡತಿ ರೇಡಿಯಾಲಜಿಸ್ಟ್. ನಮ್ಮ ನಮ್ಮ ಕೆಲಸದಲ್ಲಿ ಇಬ್ಬರಿಗೂ ಸಾಕಷ್ಟು ವರ್ಷದ ಅನುಭವ ಇದೆ. ಪಾನಾ ಹಿಡಿದ ಅನುಭವ ಇಬ್ಬರಿಗೂ ಇರಲಿಲ್ಲ. ಬಲ್ಬ್ ಬದಲಿಸುವುದು, ಬಾಗಿಲಿನ ಸ್ಕ್ರೂ ಬಿಗಿ ಮಾಡುವುದು, ಅಷ್ಟೇ. ಓದಿದವರು ಮನೆಯ ರಿಪೇರಿಗೆ ಕೈ ಹಾಕಿದರೆ ಏನಾಗುತ್ತದೆ, ಓದು ಎಲ್ಲಿ ಕೈ ಹಿಡಿಯುತ್ತದೆ, ಎಲ್ಲಿ ಕೈ ಕೊಡುತ್ತದೆ ಅನ್ನುವುದು ನಮಗೆ ಈ ಒಂದು ಗೋಡೆಯಲ್ಲಿ ಪೂರ್ತಿಯಾಗಿ ಕಾಣಿಸಿತು. ಸುಮಾರು ಹತ್ತು ವಾರ ಹಿಡಿಯಿತು. ನಡೆದದ್ದನ್ನು ನಡೆದ ಹಾಗೇ ಬರೆಯುತ್ತಿದ್ದೇನೆ.

ಮೊದಲು ಬಂದ ಸಲಹೆ

ಮೊದಲು ಪ್ಲಂಬರ್ ಒಬ್ಬರನ್ನು ಕರೆಸಿದೆವು. ಅವರು ನೋಡಿದರು, ಗೋಡೆ ತಟ್ಟಿದರು, "ಒಳಗಿನ ಪೈಪ್ ಸೋರುತ್ತಿದೆ ಸಾರ್, ಟೈಲ್ಸ್ ಒಡೀಬೇಕು" ಅಂದರು. ಎಷ್ಟು ಟೈಲ್ಸ್ ಅಂತ ಕೇಳಿದೆ. ಒಡೆದ ಮೇಲೆ ಗೊತ್ತಾಗುತ್ತದೆ ಅಂದರು.

ಅವರದು ತಪ್ಪು ಅಂತ ನಾನು ಹೇಳುವುದಿಲ್ಲ. ಅರ್ಧ ಗಂಟೆಯಲ್ಲಿ ಒಂದು ತೀರ್ಮಾನ ಹೇಳಿ ಮುಂದಿನ ಮನೆಗೆ ಹೋಗಬೇಕಾದವರು ಹಾಗೆಯೇ ಹೇಳುತ್ತಾರೆ. ಬಚ್ಚಲ ಗೋಡೆಯ ಬುಡದಲ್ಲಿ ತೇವ ಅಂದರೆ ಒಳಗಿನ ಪೈಪ್ ಅನ್ನುವುದು ಎಷ್ಟೋ ಸಲ ನಿಜವೂ ಹೌದು. ಆದರೆ ನಮ್ಮ ಹತ್ತಿರ ಅವರಿಗಿಲ್ಲದ ಒಂದು ಸಂಗತಿ ಇತ್ತು: ಅದೇ ಮನೆಯಲ್ಲಿ ದಿನವೂ ಇರುತ್ತೇವೆ. ಕಾಯಬಹುದು. ಇವತ್ತು ನೋಡಿದ್ದನ್ನು ನಾಳೆ ಮತ್ತೆ ನೋಡಬಹುದು. ಸ್ವಂತ ಕೈಯಿಂದ ರಿಪೇರಿ ಮಾಡುವವರಿಗೆ ಇರುವ ದೊಡ್ಡ ಅನುಕೂಲ ಬುದ್ಧಿ ಅಲ್ಲ, ಈ ಸಮಯ. ಒಡೆದ ಟೈಲ್ ಮತ್ತೆ ಕೂಡುವುದಿಲ್ಲ, ಹಾಗಾಗಿ ಒಡೆಯುವ ಮೊದಲು ಒಡೆಯದೇ ತಿಳಿಯುವುದು ಎಷ್ಟಿದೆ ನೋಡೋಣ ಅಂತ ಇಬ್ಬರೂ ಮಾತಾಡಿಕೊಂಡೆವು.

ಮೊದಲ ಪರೀಕ್ಷೆ ತುಂಬಾ ಸರಳ. ಒಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ತೇವದ ಜಾಗಕ್ಕೆ ಹಚ್ಚಿ ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ 24 ಗಂಟೆ ಬಿಡಬೇಕು. ಹನಿ ಹಾಳೆಯ ಹೊರಮೈ ಮೇಲೆ ಕೂತಿದ್ದರೆ ಅದು ಕೋಣೆಯ ಗಾಳಿಯ ತೇವ. ಹಾಳೆಗೂ ಗೋಡೆಗೂ ನಡುವೆ ಕೂತಿದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಕೈಯಲ್ಲಿ ಮುಟ್ಟಿ ನೋಡುವುದನ್ನು ನಂಬಬೇಡಿ. ತಣ್ಣಗಿರುವ ಗೋಡೆ ಒಣಗಿದ್ದರೂ ಬೆರಳಿಗೆ ಒದ್ದೆಯಂತೆಯೇ ಅನ್ನಿಸುತ್ತದೆ. ನಮ್ಮ ಹಾಳೆಯ ಒಳಮೈ ಮರುದಿನ ಮಂಜು ಹಿಡಿದಿತ್ತು. ಅಲ್ಲಿಗೆ ಒಂದು ವಿಷಯ ಇತ್ಯರ್ಥ ಆಯಿತು.

ಹೆಂಡತಿ ತೇವದ ಅಂಚಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆದಳು. ಆಸ್ಪತ್ರೆಯಲ್ಲಿ ಊತ ಹರಡುತ್ತಿದೆಯೋ ಇಳಿಯುತ್ತಿದೆಯೋ ನೋಡಲು ಚರ್ಮದ ಮೇಲೆ ಪೆನ್ನಿನಲ್ಲಿ ಗುರುತು ಹಾಕುತ್ತಾರಲ್ಲ, ಅದೇ ರೀತಿ. ಈ ಪೆನ್ಸಿಲ್ ಗೆರೆ ಕೊನೆಗೆ ಎಲ್ಲ ಸಲಕರಣೆಗಿಂತ ಹೆಚ್ಚು ಕೆಲಸಕ್ಕೆ ಬಂತು.

ಮೀಟರ್ ಹೇಳಿದ ಮಾತು

ನೀರಿನ ಮೀಟರಿನ ಮುಖದಲ್ಲಿ ಅಂಕಿಗಳ ಜೊತೆಗೆ ಸಣ್ಣ ಸಣ್ಣ ಮುಳ್ಳುಗಳಿರುತ್ತವೆ. 0.0001 (ಘನಮೀಟರ್) ಅಂತ ಬರೆದ ಮುಳ್ಳು ಇದ್ದರೆ, ಅದು ಒಂದು ಅಂಕಿ ಸರಿದರೆ 0.1 ಲೀಟರ್, ಪೂರ್ತಿ ಒಂದು ಸುತ್ತು ಬಂದರೆ 1 ಲೀಟರ್. ಜೊತೆಗೆ ನಕ್ಷತ್ರದ ಹಾಗಿನ ಒಂದು ಪುಟ್ಟ ಚಕ್ರ ಇರುತ್ತದೆ. ತುಂಬಾ ಸಣ್ಣ ಹರಿವಿಗೂ ಅದು ಅಲುಗಾಡುತ್ತದೆ. ಮನೆಯ ಎಲ್ಲ ನಲ್ಲಿ ಮುಚ್ಚಿ, ಯಾರೂ ನೀರು ಮುಟ್ಟದೆ ಎರಡು ಗಂಟೆ ಬಿಟ್ಟು ನೋಡಿದರೆ, ಮುಳ್ಳು ಸರಿದಿದೆಯಾ ಇಲ್ಲವಾ ಅನ್ನುವುದರಲ್ಲೇ ಉತ್ತರ ಇರುತ್ತದೆ.

ರಾತ್ರಿ ಮಲಗುವ ಮೊದಲು ಬರೆದುಕೊಂಡೆ. ಎರಡು ಗಂಟೆ ಬಿಟ್ಟು ಎದ್ದು ನೋಡಿದೆ. 3 ಲೀಟರ್ ಹೋಗಿತ್ತು! ದಿನಕ್ಕೆ 36 ಲೀಟರ್.

ಮರುದಿನ ರಾತ್ರಿ ಕಮೋಡಿನ ಫ್ಲಶ್ ಟ್ಯಾಂಕಿಗೆ ನೀರು ಬಿಡುವ ಆಂಗಲ್ ಕಾಕ್ (ಗೋಡೆಯಲ್ಲಿರುವ ಸಣ್ಣ ನಲ್ಲಿ) ಮುಚ್ಚಿ ಅದೇ ಪರೀಕ್ಷೆ ಮಾಡಿದೆ. ಮುಳ್ಳು ಕದಲಲಿಲ್ಲ. ಖಚಿತ ಮಾಡಿಕೊಳ್ಳಲು ಟ್ಯಾಂಕಿನ ನೀರಿಗೆ ಒಂದಿಷ್ಟು ಬಣ್ಣ ಹಾಕಿ, ಫ್ಲಶ್ ಮಾಡದೆ ಅರ್ಧ ಗಂಟೆ ಬಿಟ್ಟೆ. ಕಮೋಡಿನೊಳಗಿನ ನೀರು ಬಣ್ಣ ತಿರುಗಿತ್ತು. ಟ್ಯಾಂಕಿನ ತಳದಲ್ಲಿರುವ ಫ್ಲಶ್ ವಾಲ್ವಿನ ರಬ್ಬರ್ ಸೀಲ್ ಗಟ್ಟಿಯಾಗಿ, ಅದು ಕೂರುವ ಜಾಗದಲ್ಲಿ ಸುಣ್ಣದ ಪದರ ಕಟ್ಟಿ, ನೀರು ಸದ್ದಿಲ್ಲದೆ ಇಳಿದುಹೋಗುತ್ತಿತ್ತು. ವಾಲ್ವನ್ನು ಕಾಲು ಸುತ್ತು ತಿರುಗಿಸಿ ಮೇಲೆತ್ತಿದೆ, ಸುಣ್ಣ ಉಜ್ಜಿ ತೆಗೆದೆ, ಹೊಸ ಸೀಲ್ ಹಾಕಿದೆ. ಅರ್ಧ ಗಂಟೆಯ ಕೆಲಸ. ಆ ರಾತ್ರಿ ಎಂಟು ಗಂಟೆಗಳ ಕಾಲ ಮುಳ್ಳು ನಿಂತಲ್ಲೇ ನಿಂತಿತ್ತು.

ಅವತ್ತು ಆದ ಖುಷಿ ಹೇಳತೀರದು. ಜೀವನದಲ್ಲಿ ಮೊದಲ ಸಲ ನನ್ನ ಕೈಯಿಂದ ಒಂದು ವಸ್ತು ಸರಿಹೋಗಿತ್ತು. ಎಕ್ಸೆಲ್ ಹಾಳೆಯಲ್ಲಿ ತಪ್ಪು ಹುಡುಕಿದಾಗ ಸಿಗುವ ಖುಷಿಯೇ ಬೇರೆ, ಇದೇ ಬೇರೆ. ಮುಂದಿನ ವಾರಾಂತ್ಯದಲ್ಲಿ ಗೋಡೆಯ ಹಳೇ ಬಣ್ಣ ಕೆರೆದು, ಪುಟ್ಟಿ ಹಾಕಿ, ಬಣ್ಣ ಹಚ್ಚಿದೆ. ಅಂಚುಗಳೂ ನೇರವಾಗಿ ಬಂದವು.

ಮೂರು ವಾರಕ್ಕೆ ಅದೇ ಜಾಗದಲ್ಲಿ ಮತ್ತೆ ಗುಳ್ಳೆ ಎದ್ದಿತು.

ಎಲ್ಲಿ ತಪ್ಪಿದೆ

ಸಂಜೆ ಹೆಂಡತಿ ಬಂದಾಗ ನಾನು ಗೋಡೆಯ ಮುಂದೆ ಸುಮ್ನೆ ಕೂತಿದ್ದೆ. ಅವಳು ಗೋಡೆ ನೋಡಿದಳು, ಬಚ್ಚಲುಮನೆಗೆ ಹೋಗಿ ನೋಡಿ ಬಂದಳು.

"ಕಮೋಡ್ ಆ ಕಡೆ ಗೋಡೆಗಿದೆ. ತೇವ ಈ ಕಡೆ ಗೋಡೆಯಲ್ಲಿದೆ. ಟ್ಯಾಂಕಿಂದ ಸೋರಿದ ನೀರು ಕಮೋಡಿನ ಒಳಗೇ ಬಿದ್ದು ಹೊರಗೆ ಹೋಗ್ತಿತ್ತು ಅಲ್ವಾ? ಅದು ಈ ಗೋಡೆಗೆ ಬರೋದಕ್ಕೆ ದಾರಿಯೇ ಇಲ್ಲ."

ಆಮೇಲೆ ಅವಳು ಹೇಳಿದ್ದು ನನಗೆ ಇವತ್ತಿಗೂ ಕೆಲಸಕ್ಕೆ ಬರುತ್ತಿದೆ. ರೇಡಿಯಾಲಜಿಯಲ್ಲಿ ಒಂದು ಬಗೆಯ ತಪ್ಪಿಗೆ 'ಸ್ಯಾಟಿಸ್‌ಫ್ಯಾಕ್ಷನ್ ಆಫ್ ಸರ್ಚ್' ಅಂತ ಹೆಸರಿದೆಯಂತೆ. ಎಕ್ಸ್‌ರೇಯಲ್ಲಿ ಒಂದು ಮುರಿತ ಕಂಡ ಕೂಡಲೇ ಕಣ್ಣಿಗೆ ಸಮಾಧಾನ ಆಗಿಬಿಡುತ್ತದೆ, ಹುಡುಕುವುದು ನಿಂತುಹೋಗುತ್ತದೆ, ಪಕ್ಕದಲ್ಲೇ ಇರುವ ಎರಡನೇ ಮುರಿತ ಕಾಣದೇ ಹೋಗುತ್ತದೆ. ಅದಕ್ಕೇ ಅವರಿಗೆ ಒಂದು ಸಿಕ್ಕ ಮೇಲೂ ಉಳಿದ ಮೂಳೆಗಳನ್ನೆಲ್ಲ ಕ್ರಮವಾಗಿ ನೋಡಲೇಬೇಕು ಅಂತ ಕಲಿಸುತ್ತಾರೆ.

ನನ್ನದೂ ಅದೇ. ಆದರೆ ನನ್ನ ತಪ್ಪಿಗೆ ನನ್ನ ಕಸುಬಿನ ಬಣ್ಣವೂ ಇತ್ತು. ಲೆಕ್ಕ ನೋಡುವವರ ಕಣ್ಣು ದೊಡ್ಡ ಅಂಕಿಯ ಕಡೆಗೆ ಮೊದಲು ಹೋಗುತ್ತದೆ, ಹೋಗಬೇಕು ಕೂಡ. ದಿನಕ್ಕೆ 36 ಲೀಟರ್ ಅಂದ ಕೂಡಲೇ ಇದೇ ಕಾರಣ ಅಂತ ಮನಸ್ಸು ಒಪ್ಪಿಬಿಟ್ಟಿತು. ಆ ನೀರು ಹೋಗುವ ದಾರಿಯನ್ನು ನಾನು ನೋಡಲೇ ಇಲ್ಲ. ಗೋಡೆಯನ್ನು ಹಾಳು ಮಾಡುತ್ತಿದ್ದದ್ದು ದಿನಕ್ಕೆ 1 ಲೀಟರಿಗಿಂತ ಕಡಿಮೆ ನೀರು ಅಂತ ಆಮೇಲೆ ಗೊತ್ತಾಯಿತು.

ಓದಿದವರು ರಿಪೇರಿಗೆ ಇಳಿದಾಗ ಆಗುವ ಅಪಾಯ ಇದು ಅಂತ ನನಗೆ ಅನ್ನಿಸುತ್ತದೆ. ಕೈಯಲ್ಲಿ ಒಂದು ವಿಧಾನ ಇದೆ, ಅಳತೆ ಇದೆ, ಫಲಿತಾಂಶ ಇದೆ, ಎಲ್ಲವೂ ಅಚ್ಚುಕಟ್ಟಾಗಿ ಕಾಣುತ್ತದೆ, ಹಾಗಾಗಿ ಅನುಮಾನ ಬರುವುದೇ ಇಲ್ಲ. ನಾನು ಕೇಳಬೇಕಿದ್ದ ಪ್ರಶ್ನೆ "ಎಲ್ಲಿ ಸೋರುತ್ತಿದೆ" ಅನ್ನುವುದಲ್ಲ. "ಈ ಗೋಡೆಗೆ ನೀರು ಯಾವ ದಾರಿಯಲ್ಲಿ ಬರಬಹುದು" ಅಂತ ಕೇಳಬೇಕಿತ್ತು.

ಮೀಟರಿಗೆ ಕಾಣದ ಪೈಪ್

ಕಾಗದ ತೆಗೆದುಕೊಂಡು ಕೂತೆವು. ಬಚ್ಚಲಿನ ಕಡೆಯಿಂದ ಗೋಡೆಗೆ ನೀರು ಬರುವ ದಾರಿ ಮೂರೇ. ಒತ್ತಡದಲ್ಲಿರುವ ಪೈಪ್ ಸೋರಬಹುದು. ಸ್ನಾನ ಮಾಡುವಾಗ ಟೈಲ್ಸ್ ಮೇಲೆ ಬಿದ್ದ ನೀರು ಗ್ರೌಟ್ (ಟೈಲ್ಸ್ ನಡುವಿನ ಸಂದು ತುಂಬುವ ಗಾರೆ) ಬಿಟ್ಟ ಕಡೆ ಒಳಗೆ ಇಳಿಯಬಹುದು. ಇಲ್ಲವೇ ನೀರು ಹೊರಹೋಗುವ ಪೈಪಿನ ಸುತ್ತ, ನೆಲದ ಜಾಲರಿಯ ಬಳಿ ಒಸರಬಹುದು.

ಮೊದಲನೆಯದನ್ನು ಮೀಟರ್ ಈಗಾಗಲೇ ತಳ್ಳಿಹಾಕಿದೆ ಅಂತ ನಾನು ಅಂದೆ. ಎಂಟು ಗಂಟೆ ಮುಳ್ಳು ಕದಲಿಲ್ಲವಲ್ಲ. ಅವಳು ಒಪ್ಪಲಿಲ್ಲ. "ಎಲ್ಲ ಪೈಪಲ್ಲೂ ಯಾವಾಗಲೂ ಒತ್ತಡ ಇರುತ್ತಾ?" ಅಂತ ಕೇಳಿದಳು.

ಇರುವುದಿಲ್ಲ. ಷವರಿನ ಮಿಕ್ಸರ್ (ಬಿಸಿನೀರು ತಣ್ಣೀರು ಬೆರೆಸುವ ನಲ್ಲಿ) ವರೆಗೆ ಬರುವ ಪೈಪಿನಲ್ಲಿ ಹಗಲೂ ರಾತ್ರಿ ಒತ್ತಡ ಇರುತ್ತದೆ. ಮಿಕ್ಸರಿನಿಂದ ಮೇಲಕ್ಕೆ, ಗೋಡೆಯೊಳಗೆ ಹೋಗಿ, ತಲೆಯ ಮೇಲೆ ಎಲ್ಬೋದಲ್ಲಿ (ಮೊಣಕೈಯಂತೆ ಬಾಗಿದ ಜೋಡಣೆಯಲ್ಲಿ) ತಿರುಗಿ, ಷವರ್ ಆರ್ಮ್ (ಗೋಡೆಯಿಂದ ಹೊರಚಾಚಿದ ಕೊಳವೆ) ಮೂಲಕ ಹೊರಬರುತ್ತದಲ್ಲ, ಆ ತುಂಡು ಪೈಪಿನಲ್ಲಿ ನೀರು ಬರುವುದು ಷವರ್ ಬಿಟ್ಟಾಗ ಮಾತ್ರ. ಉಳಿದ ಹೊತ್ತು ಅದು ಬಾಯಿ ತೆರೆದ ಪೈಪ್. ಎಲ್ಲ ನಲ್ಲಿ ಮುಚ್ಚಿ ಮೀಟರ್ ನೋಡಿದರೆ ಆ ಪೈಪಿನ ಸೋರಿಕೆ ಯಾವತ್ತೂ ಕಾಣುವುದಿಲ್ಲ. ಷವರ್ ಬಿಟ್ಟು ಮೀಟರ್ ನೋಡಿದರೆ ಸ್ನಾನದ ನೀರಿನಲ್ಲಿ ಸೋರಿಕೆ ಸೇರಿಹೋಗುತ್ತದೆ. ಎರಡು ಕಡೆಯಿಂದಲೂ ಅದು ಬಚ್ಚಿಟ್ಟುಕೊಂಡಿರುತ್ತದೆ.

ಒಂದೊಂದಾಗಿ ಬೇರೆ ಮಾಡಿ ನೋಡುವ ನಿರ್ಧಾರ ಮಾಡಿದೆವು. ಒಂದೇ ಸಲ ಎರಡು ಬದಲಾವಣೆ ಮಾಡಬಾರದು ಅನ್ನುವುದು ನಮ್ಮಿಬ್ಬರಿಗೂ ಗೊತ್ತಿದ್ದ ನಿಯಮ. ಐದು ದಿನ ಆ ಬಚ್ಚಲಿನ ಷವರ್ ಮುಟ್ಟಲಿಲ್ಲ. ತೇವ ಪೆನ್ಸಿಲ್ ಗೆರೆಯಿಂದ ಎರಡು ಬೆರಳು ಒಳಗೆ ಸರಿಯಿತು. ಆಮೇಲೆ ನಾಲ್ಕು ದಿನ, ಷವರ್ ಬಿಡದೆ, ಕೆಳಗಿನ ನಲ್ಲಿಯಿಂದ ನೀರು ಹಿಡಿದು ದಿನಾ ಹದಿನೈದು ನಿಮಿಷ ಅದೇ ಟೈಲ್ಸ್ ಮೇಲೆ ಹೊಯ್ದೆವು. ಗ್ರೌಟ್ ಬಿಟ್ಟಿದ್ದರೆ, ನೆಲದ ಜಾಲರಿಯ ಬಳಿ ಬಿರುಕಿದ್ದರೆ ಈ ನೀರೂ ಒಳಗೆ ಹೋಗಲೇಬೇಕಿತ್ತು. ಗೆರೆ ಹಿಂದಕ್ಕೆ ಬರಲಿಲ್ಲ, ಇನ್ನಷ್ಟು ಒಣಗುತ್ತಲೇ ಹೋಯಿತು.

ಹಾಗಾದರೆ ಉಳಿದದ್ದು ಆ ತುಂಡು ಪೈಪ್ ಒಂದೇ. ಅದರ ಬಾಯಿ ಮುಚ್ಚಿ ಒತ್ತಡ ಕೊಟ್ಟರೆ ಮೀಟರಿಗೆ ಕಾಣುತ್ತದೆ. ಷವರ್ ಹೆಡ್ ಬಿಚ್ಚಿ ಆರ್ಮಿನ ತುದಿಗೆ ಎಂಡ್ ಕ್ಯಾಪ್, ಅಂದರೆ ಬಾಯಿ ಮುಚ್ಚುವ ಮುಚ್ಚಳ, ಹಾಕಬೇಕು ಅಷ್ಟೇ.

ಕ್ಯಾಪ್ ತರಲು ಹೊರಟೆ. ಹೊರಡುವ ಮೊದಲು ಆರ್ಮಿನ ತುದಿಯ ಥ್ರೆಡ್ಡಿನ (ಸ್ಕ್ರೂವಿನಂಥ ಸುರುಳಿ ಗೆರೆಗಳಿರುವ ಭಾಗದ) ಅಗಲ ಸ್ಕೇಲಿನಲ್ಲಿ ಅಳೆದೆ. 21 ಮಿಲಿಮೀಟರ್. ಅರ್ಧ ಇಂಚು ಅಂದರೆ 12.7 ಮಿಲಿಮೀಟರ್, ಮುಕ್ಕಾಲು ಇಂಚು ಅಂದರೆ 19, ಹಾಗಾಗಿ ಮುಕ್ಕಾಲು ಇಂಚಿನದೇ ಹತ್ತಿರ ಅಂತ ಲೆಕ್ಕ ಹಾಕಿ ಅದನ್ನೇ ತಂದೆ. ಆರ್ಮಿಗೆ ಹಾಕಿದರೆ ಬಳೆಯ ಹಾಗೆ ಅಲ್ಲಾಡಿತು. ವಿಷಯ ಏನೆಂದರೆ, ಪೈಪಿನ ಥ್ರೆಡ್ಡಿಗೆ ಇರುವ 'ಅರ್ಧ ಇಂಚು' ಅನ್ನುವ ಹೆಸರು ಹಳೇ ಕಾಲದ ಕಬ್ಬಿಣದ ಪೈಪಿನ ಒಳಗಿನ ತೂತಿನ ಅಳತೆಯಿಂದ ಬಂದದ್ದು. ಬ್ರಿಟಿಷ್ ಮಾನದಂಡದ ಅರ್ಧ ಇಂಚಿನ ಥ್ರೆಡ್ಡಿನ ಹೊರ ಅಗಲ 20.955 ಮಿಲಿಮೀಟರ್, ಮುಕ್ಕಾಲು ಇಂಚಿನದು 26.441. ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗ ಕೂಡ ಸ್ಕೇಲ್ ಇಲ್ಲದೆ ಕಣ್ಣಲ್ಲೇ ನೋಡಿ ಅರ್ಧ ಇಂಚು ಅನ್ನುತ್ತಾನೆ. ಈ ಜ್ಞಾನ ಗುಣಾಕಾರ ಭಾಗಾಕಾರದಿಂದ ಬರುವುದಿಲ್ಲ, ಕೈಯಲ್ಲಿ ಹಿಡಿದು ಹಿಡಿದು ಬರುತ್ತದೆ. ಅವತ್ತಿನಿಂದ ನಾನು ಅಳತೆ ತೆಗೆದುಕೊಂಡು ಹೋಗುವುದಿಲ್ಲ. ಹಳೇ ಸಾಮಾನನ್ನೇ ಬಿಚ್ಚಿ ಕೈಯಲ್ಲಿ ಹಿಡಿದು ಹೋಗುತ್ತೇನೆ.

ಸರಿಯಾದ ಕ್ಯಾಪ್ ಹಾಕಿ, ಗೀಸರಿನ ಸ್ವಿಚ್ ಆರಿಸಿ, ಮಿಕ್ಸರನ್ನು ಪೂರ್ತಿ ತಣ್ಣೀರಿನ ಕಡೆಗೆ ತಿರುಗಿಸಿ ತೆರೆದೆ. ಹೆಂಡತಿ ಮೀಟರಿನ ಹತ್ತಿರ ನಿಂತಿದ್ದಳು. ಒಂದು ಹನಿಯೂ ಹೊರಗೆ ಕಾಣುತ್ತಿರಲಿಲ್ಲ. ಎಲ್ಲ ನಿಶ್ಶಬ್ದ. "ತಿರುಗ್ತಿದೆ" ಅಂತ ಅವಳು ಅಲ್ಲಿಂದ ಕೂಗಿದಳು. ನಕ್ಷತ್ರದ ಚಕ್ರ ಮೆಲ್ಲಗೆ ತಿರುಗುತ್ತಿತ್ತು. ಹತ್ತು ನಿಮಿಷಕ್ಕೆ 0.4 ಲೀಟರ್.

ಇಬ್ಬರ ಸ್ನಾನ ಸೇರಿ ದಿನಕ್ಕೆ ಇಪ್ಪತ್ತು ನಿಮಿಷ ಅಂದರೂ 0.8 ಲೀಟರ್. ತುದಿ ತೆರೆದಿರುವಾಗ ಒತ್ತಡ ಕಡಿಮೆ, ಹಾಗಾಗಿ ನಿಜವಾದ ಲೆಕ್ಕ ಇದಕ್ಕೂ ಕಡಿಮೆಯೇ. ಆದರೂ ದಿನಾ ಬೀಳುತ್ತಿತ್ತು, ಅದೇ ಜಾಗದಲ್ಲಿ ಬೀಳುತ್ತಿತ್ತು, ಆರಲು ದಾರಿ ಇರಲಿಲ್ಲ. ತಲೆಯ ಮೇಲಿನ ಎತ್ತರದಲ್ಲಿ ಸೋರಿದ ನೀರು ಟೈಲ್ಸ್ ಹಿಂದೆ ಗಾರೆಯ ಮೇಲೆ ಜಾರಿ ಜಾರಿ ಬುಡಕ್ಕೆ ಇಳಿದು ಅಲ್ಲಿ ನಿಲ್ಲುತ್ತಿತ್ತು. ತೇವ ಬುಡದಲ್ಲಿ ಕಂಡಿದ್ದರಿಂದ ಪ್ಲಂಬರೂ ನಾವೂ ಬುಡದಲ್ಲೇ ಕಾರಣ ಹುಡುಕಿದ್ದೆವು. ಅವತ್ತು ಬುಡದ ಟೈಲ್ಸ್ ಒಡೆಸಿದ್ದರೆ ಒದ್ದೆ ಗಾರೆ ಸಿಗುತ್ತಿತ್ತು, ಸೋರುವ ಪೈಪ್ ಸಿಗುತ್ತಿರಲಿಲ್ಲ.

ಕೈ ಕೆಲಸ

ಆರ್ಮ್ ಬಿಚ್ಚುವುದಕ್ಕೆ ನನಗೆ ನಿಜವಾಗಿ ಭಯ ಇತ್ತು. ಅದು ಕೂತಿರುವ ಎಲ್ಬೋ ಗೋಡೆಯೊಳಗಿದೆ, ಅದನ್ನು ಹಿಡಿದುಕೊಳ್ಳಲು ಆಗುವುದಿಲ್ಲ. ಜೋರಾಗಿ ಜಗ್ಗಿದರೆ ಎಲ್ಬೋ ತಿರುಗಿ ಒಳಗೇ ಒಡೆಯಬಹುದು. ಹಾಗಾಗಿದ್ದರೆ ಟೈಲ್ಸ್ ಒಡೆಯದೆ ಬೇರೆ ದಾರಿ ಇರುತ್ತಿರಲಿಲ್ಲ.

ಮನೆಯ ಮುಖ್ಯ ವಾಲ್ವ್ ಮುಚ್ಚಿದೆ. ಕೆಳಗಿನ ನಲ್ಲಿ ತೆರೆದು ಪೈಪಿನಲ್ಲಿ ಉಳಿದ ನೀರನ್ನು ಬಿಟ್ಟೆ. ಹೆಂಡತಿ ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಹಾಕಿಸಿಯೇ ಸ್ಟೂಲ್ ಹತ್ತಲು ಬಿಟ್ಟಳು. ಇದನ್ನು ಒತ್ತಿ ಹೇಳುತ್ತೇನೆ: ಕಣ್ಣು, ಬೆರಳು ಇವುಗಳ ಮೇಲೆಯೇ ದುಡಿಮೆ ನಿಂತಿರುವವರು ಇದನ್ನು ಬಿಡಲೇಬಾರದು. ಮೇಲಕ್ಕೆ ಮುಖ ಮಾಡಿ ಕೆಲಸ ಮಾಡುವಾಗ ಬೀಳುವುದೆಲ್ಲ ಕಣ್ಣಿಗೇ ಬೀಳುತ್ತದೆ.

ಆರ್ಮಿಗೆ ಬಟ್ಟೆ ಸುತ್ತಿ ಪಾನಾ ಹಿಡಿದೆ. ಜರ್ಕ್ ಕೊಡದೆ ಒಂದೇ ಸಮ ಒತ್ತಿದೆ. ಒಂದು ಸಣ್ಣ ಕಿರುಗುಟ್ಟುವ ಸದ್ದು, ಆಮೇಲೆ ಅದು ಸಲೀಸಾಗಿ ತಿರುಗಿತು. ಅಷ್ಟು ಸಲೀಸಾಗಿ ತಿರುಗಬಾರದಿತ್ತು. ಹೊರಗೆ ಬಂದಾಗ ಕಾರಣ ಕಣ್ಣೆದುರಿಗೇ ಇತ್ತು. ಥ್ರೆಡ್ಡಿಗೆ ನೀರು ಸೋರದಂತೆ ಸುತ್ತುವ ತೆಳು ಟೆಫ್ಲಾನ್ ಟೇಪ್ ಸುತ್ತಿದ್ದು ಎರಡೋ ಮೂರೋ ಸುತ್ತು. ಅದೂ ಉಲ್ಟಾ ದಿಕ್ಕಿನಲ್ಲಿ ಸುತ್ತಿದ್ದರಿಂದ ಆರ್ಮ್ ಒಳಗೆ ತಿರುಗಿಸುವಾಗ ಟೇಪ್ ಬಿಚ್ಚಿಕೊಂಡು, ಬುಡದಲ್ಲಿ ಮುದ್ದೆಯಾಗಿ, ದಾರದ ಉಂಡೆಯ ಹಾಗೆ ಕೂತಿತ್ತು. ಥ್ರೆಡ್ಡಿನ ಮೇಲ್ಭಾಗ ಬರಿದಾಗಿತ್ತು. ಅದರ ಜೊತೆಗೆ, ಷವರ್ ಆರ್ಮ್ ಒಂದು ಸನ್ನೆಕೋಲು. ತುದಿಯಲ್ಲಿರುವ ಹೆಡ್ಡನ್ನು ದಿನಾ ಅತ್ತ ಇತ್ತ ತಿರುಗಿಸುವಾಗ ಗೋಡೆಯ ಜಾಯಿಂಟಿನ ಮೇಲೆ ಬೀಳುವ ಬಲ ಕೈ ಹಾಕಿದ ಬಲಕ್ಕಿಂತ ಎಷ್ಟೋ ಪಟ್ಟು ಜಾಸ್ತಿ.

ಟಾರ್ಚ್ ಹಿಡಿದು ಎಲ್ಬೋದ ಒಳಗೆ ನೋಡಿದೆವು. ಬಿರುಕು ಇರಲಿಲ್ಲ. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಎರಡೂ ಕಡೆಯ ಥ್ರೆಡ್ ಉಜ್ಜಿದೆ. ಬೂದು ಬಣ್ಣದ ಟೇಪಿನ ಚೂರುಗಳು ಎಳೆ ಎಳೆಯಾಗಿ ಬಂದವು. ಕೆಲವನ್ನು ಹೆಂಡತಿ ಚಿಮ್ಮಟಿಗೆಯಿಂದ ಒಂದೊಂದಾಗಿ ಎತ್ತಿದಳು. ಈ ಭಾಗಕ್ಕೇ ಮುಕ್ಕಾಲು ಗಂಟೆ ಹಿಡಿಯಿತು. ಅವಸರ ಮಾಡಬಾರದ ಕೆಲಸ ಇದೇ.

ಟೇಪ್ ಸುತ್ತುವುದು ಹೇಗೆ ಅಂತ ಬಾಯಲ್ಲಿ ಹೇಳಿದರೆ ಒಂದು ಸಾಲು. ಥ್ರೆಡ್ಡಿನ ತುದಿ ನಿಮ್ಮ ಕಡೆಗಿರಲಿ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಸುತ್ತಿ. ಆದರೆ ಆ ಟೇಪ್ 0.075 ಮಿಲಿಮೀಟರ್ ದಪ್ಪ, ಬೆರಳಿಗೆ ಇದೆಯೋ ಇಲ್ಲವೋ ಅನ್ನುವಷ್ಟು ತೆಳು. ಸಡಿಲ ಹಿಡಿದರೆ ಸುಕ್ಕುಗಟ್ಟುತ್ತದೆ, ಜೋರಾಗಿ ಎಳೆದರೆ ಹರಿಯುತ್ತದೆ. ಎಡಗೈ ಹೆಬ್ಬೆರಳಿನಿಂದ ಟೇಪಿನ ತುದಿ ಒತ್ತಿ ಹಿಡಿದು, ಟೇಪ್ ಥ್ರೆಡ್ಡಿನ ಗೆರೆಗಳ ನಡುವೆ ಇಳಿದು ಆ ಗೆರೆ ಮೇಲಿಂದಲೇ ಕಾಣುವಷ್ಟು ಬಿಗಿಯಾಗಿ ಎಳೆಯಬೇಕು. ತುದಿಯ ಮೊದಲ ಎಳೆಯನ್ನು ಬರಿದಾಗಿ ಬಿಡಬೇಕು, ಇಲ್ಲದಿದ್ದರೆ ಟೇಪಿನ ಚೂರು ನೀರಿನಲ್ಲಿ ಹೋಗಿ ಷವರ್ ಹೆಡ್ಡಿನ ತೂತು ಕಟ್ಟುತ್ತದೆ. ಹತ್ತು ಸುತ್ತು ಸುತ್ತಿದೆ.

ಕೂರಿಸಿದೆ. ಕೈಯಲ್ಲೇ ತಿರುಗಿಸಿ, ಕೊನೆಗೆ ಪಾನಾ ಹಾಕಿದೆ. ಆರ್ಮಿನ ಬಾಯಿ ನೇರ ಕೆಳಗೆ ಬರಬೇಕಿತ್ತು, ಸ್ವಲ್ಪ ದಾಟಿಹೋಯಿತು. ಒಂದೇ ಒಂದು ಚೂರು ಹಿಂದಕ್ಕೆ ತಿರುಗಿಸಿ ನೇರ ಮಾಡಿದೆ. ಕ್ಯಾಪ್ ಹಾಕಿ ನೀರು ಬಿಟ್ಟೆವು. ಮೀಟರ್ ಮತ್ತೆ ತಿರುಗಿತು.

ಟೇಪ್ ಹಾಕಿದ ಜಾಯಿಂಟನ್ನು ಹಿಂದಕ್ಕೆ ತಿರುಗಿಸಬಾರದು. ಮುಂದಕ್ಕೆ ಹೋಗುವಾಗ ಟೇಪ್ ಹಿಂಡಿಕೊಂಡು ಸಂದುಗಳನ್ನು ತುಂಬುತ್ತದೆ, ಹಿಂದಕ್ಕೆ ಬಂದರೆ ಆ ತುಂಬಿದ್ದೆಲ್ಲ ಬಿಟ್ಟುಕೊಂಡು ದಾರಿ ಆಗುತ್ತದೆ. ಇದನ್ನು ನಾನು ಓದಿದ್ದೆ. ಓದಿದ್ದರೂ ಆ ಕ್ಷಣದಲ್ಲಿ ಕಣ್ಣಿಗೆ ಸೊಟ್ಟ ಕಂಡಿದ್ದನ್ನು ಕೈ ತಾನಾಗೇ ಸರಿ ಮಾಡಿಬಿಟ್ಟಿತು. ಗೊತ್ತಿರುವುದು ಬೇರೆ, ಕೈಗೆ ಗೊತ್ತಿರುವುದು ಬೇರೆ.

ಮತ್ತೆ ಬಿಚ್ಚಿದೆ. ಎಲ್ಲ ಟೇಪ್ ತೆಗೆದು, ಉಜ್ಜಿ, ಒರೆಸಿ, ಈ ಸಲ ಹದಿನಾಲ್ಕು ಸುತ್ತು. ಸುತ್ತು ಹೆಚ್ಚಾದರೆ ಬೇಗ ಬಿಗಿಯಾಗುತ್ತದೆ, ಹಾಗಾಗಿ ನೇರ ಕೆಳಗೆ ಬರುವ ಹೊತ್ತಿಗೆ ಸರಿಯಾಗಿ ಬಿಗಿ ಸಿಕ್ಕಿತು. ಅಲ್ಲಿಗೇ ನಿಲ್ಲಿಸಿದೆ. ಕ್ಯಾಪ್ ಹಾಕಿ, ನೀರು ಬಿಟ್ಟು, ಅರ್ಧ ಗಂಟೆ ಇಬ್ಬರೂ ಮೀಟರಿನ ಮುಂದೆ ನಿಂತೆವು. ನಕ್ಷತ್ರ ಅಲುಗಲಿಲ್ಲ.

ಗೋಡೆಗೆ ಅಂಟಿಕೊಳ್ಳುವ ದುಂಡನೆಯ ಸ್ಟೀಲ್ ತಟ್ಟೆಯ ಸುತ್ತ ಸಿಲಿಕೋನ್ ಹಚ್ಚಿದೆವು, ಕೆಳಗಿನ ಕಾಲು ಭಾಗ ಬಿಟ್ಟು. ಪೂರ್ತಿ ಮುಚ್ಚಿದರೆ ಚಂದ ಕಾಣುತ್ತದೆ ನಿಜ. ಆದರೆ ನಾಳೆ ಮತ್ತೆ ಸೋರಿದರೆ ಆ ನೀರು ಗೋಡೆಯೊಳಗೇ ಹೋಗುತ್ತದೆ. ಕೆಳಗೆ ದಾರಿ ಬಿಟ್ಟರೆ ಟೈಲ್ಸ್ ಮೇಲೆ ಇಳಿದು ಕಣ್ಣಿಗೆ ಬೀಳುತ್ತದೆ.

ಮುಟ್ಟದೇ ಬಿಟ್ಟದ್ದು

ಈ ಹತ್ತು ವಾರದಲ್ಲಿ ಧೈರ್ಯ ಬಂದಿದೆ, ನಿಜ. ಆದರೂ ಗೀಸರಿನ ಒಳಭಾಗ, ಗೋಡೆಯೊಳಗಿನ ವಿದ್ಯುತ್ ಲೈನ್, ಗ್ಯಾಸ್ ಪೈಪ್ ಇವನ್ನು ನಾವು ಮುಟ್ಟುವುದಿಲ್ಲ. ಟೇಪ್ ತಪ್ಪಾಗಿ ಸುತ್ತಿದರೆ ಒಂದಿಷ್ಟು ನೀರು ಹೋಗುತ್ತದೆ, ಮತ್ತೆ ಬಿಚ್ಚಿ ಸುತ್ತಬಹುದು. ಅಲ್ಲಿ ಎರಡನೇ ಸಲ ಮಾಡಲು ಅವಕಾಶ ಸಿಗದೇ ಹೋಗಬಹುದು. ಎಲ್ಬೋದಲ್ಲಿ ಬಿರುಕು ಕಂಡಿದ್ದರೂ ನಾವು ಅಲ್ಲೇ ನಿಲ್ಲಿಸಿ ಪ್ಲಂಬರನ್ನೇ ಕರೆಸುತ್ತಿದ್ದೆವು. ಎಲ್ಲಿ ಒಡೆಯಬೇಕು ಅಂತ ಅವರಿಗೆ ಹೇಳಲು ಆಗ ನಮ್ಮ ಹತ್ತಿರ ಆಧಾರ ಇರುತ್ತಿತ್ತು.

ಇನ್ನೊಂದು ಮಾತು. ಉಲ್ಟಾ ಟೇಪ್ ಸುತ್ತಿದವರು ಯಾರೋ ನನಗೆ ಗೊತ್ತಿಲ್ಲ, ಅವರ ಮೇಲೆ ಸಿಟ್ಟೂ ಇಲ್ಲ. ಎರಡು ಸಲ ಸುತ್ತಿ ನೋಡಿದ ಮೇಲೆ, ದಿನವಿಡೀ ಸ್ಟೂಲ್ ಹತ್ತಿ ಇಳಿದು, ಅರೆಬೆಳಕಿನಲ್ಲಿ ಕೈ ಮೇಲೆತ್ತಿ ಹತ್ತಾರು ಜಾಯಿಂಟ್ ಬಿಗಿ ಮಾಡುವವರ ಕೆಲಸ ಎಂಥದ್ದು ಅಂತ ನನ್ನ ಭುಜಕ್ಕೆ ಅರ್ಥ ಆಗಿದೆ. ಈಗ ಯಾರಾದರೂ ಮನೆಗೆ ಕೆಲಸಕ್ಕೆ ಬಂದರೆ ಪಕ್ಕದಲ್ಲಿ ನಿಂತು ಟಾರ್ಚ್ ಹಿಡಿಯುತ್ತೇನೆ, ಯಾಕೆ ಹೀಗೆ ಮಾಡುತ್ತೀರಿ ಅಂತ ಕೇಳುತ್ತೇನೆ. ಬಹಳ ಜನ ಪ್ರೀತಿಯಿಂದ ಹೇಳಿಕೊಡುತ್ತಾರೆ.

ಗೋಡೆ ಈಗ

ಗೋಡೆಗೆ ಇನ್ನೂ ಬಣ್ಣ ಹಚ್ಚಿಲ್ಲ. ಒದ್ದೆಯಾದ ಗೋಡೆ ಒಂದು ಇಂಚು ದಪ್ಪಕ್ಕೆ ಒಂದು ತಿಂಗಳಿನಂತೆ ಒಣಗುತ್ತದೆ ಅನ್ನುವುದು ಕಟ್ಟಡದ ಕೆಲಸದವರ ಅಂದಾಜು. ಮೊದಲ ಸಲ ನಾನು ಒಂದೇ ವಾರಕ್ಕೆ ಪುಟ್ಟಿ ಮೆತ್ತಿದ್ದೆ. ಈ ಸಲ ಸಡಿಲವಾದ ಪದರವನ್ನೆಲ್ಲ ಕೆರೆದು, ಬಿಳಿ ಹುಡಿಯನ್ನು ಒಣ ಬ್ರಷ್ಷಿನಿಂದ ಉದುರಿಸಿ ಹಾಗೇ ಬಿಟ್ಟಿದ್ದೇವೆ. ಹುಡಿಯನ್ನು ನೀರು ಹಾಕಿ ತೊಳೆಯಬಾರದು, ಲವಣ ಮತ್ತೆ ಕರಗಿ ಒಳಗೇ ಹೋಗುತ್ತದೆ.

ಪೆನ್ಸಿಲ್ ಗೆರೆಗಳು ಒಂದರೊಳಗೆ ಒಂದು ಚಿಕ್ಕದಾಗುತ್ತಾ ಬಂದಿವೆ, ಪಕ್ಕದಲ್ಲಿ ಹೆಂಡತಿಯ ಅಕ್ಷರದಲ್ಲಿ ತಾರೀಖು. ಕೊನೆಯ ಗೆರೆ ಅಂಗೈಯಷ್ಟಿದೆ. ಸ್ನಾನ ಆದ ಮೇಲೆ ಸ್ಟೀಲ್ ತಟ್ಟೆಯ ಕೆಳಗಿನ ಸಂದಿಗೆ ಬೆರಳು ಹಚ್ಚಿ ನೋಡುತ್ತೇನೆ, ಇಲ್ಲಿಯವರೆಗೆ ಒಣಗೇ ಇದೆ. ಪುಟ್ಟಿ ಹಾಕುವ ಮೊದಲು ಪ್ಲಾಸ್ಟಿಕ್ ಹಾಳೆಯನ್ನು ಇನ್ನೊಂದು ಸಲ ಅಂಟಿಸಿ 24 ಗಂಟೆ ಬಿಡಬೇಕು. ಅದರ ಒಳಮೈಯಲ್ಲಿ ಮಂಜು ಕಾಣದ ದಿನ ಬಣ್ಣದ ಡಬ್ಬ ತೆಗೆಯುತ್ತೇವೆ.